ಎರಡು ವರ್ಷದ ವೀಸಾಕ್ಕೆ ಎರಡೇ ವರ್ಷದ ಲೆಕ್ಕ

2023ರ ಫೆಬ್ರುವರಿ 28ರಂದು ಬ್ರಿಟನ್ ಸರ್ಕಾರ ಭಾರತದ ಪದವೀಧರರಿಗಾಗಿ ಒಂದು ಲಾಟರಿ ತೆರೆಯಿತು. ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಎಂಬುದು ಅದರ ಪೂರ್ತಿ ಹೆಸರು. ಅರ್ಜಿ ಹಾಕುವ ಹುಡುಗ ಹುಡುಗಿಯರ ಬಾಯಲ್ಲಿ ಅದು ವೈಪಿಎಸ್. 18ರಿಂದ 30 ವರ್ಷ ವಯಸ್ಸಿನ, ಕನಿಷ್ಠ ಒಂದು ಪದವಿ ಮುಗಿಸಿದ ಭಾರತೀಯರಲ್ಲಿ ವರ್ಷಕ್ಕೆ 3,000 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ಎರಡು ವರ್ಷ ಬ್ರಿಟನ್ನಿನಲ್ಲಿದ್ದು ದುಡಿಯಲು ಬಿಡುವ ಯೋಜನೆ ಇದು. ಅಲ್ಲಿ ಕೆಲಸ ಮೊದಲೇ ಸಿಕ್ಕಿರಬೇಕೆಂದಿಲ್ಲ. ಸ್ಪಾನ್ಸರ್ ಮಾಡುವ ಕಂಪನಿಯೂ ಬೇಕಿಲ್ಲ. ವರ್ಷಕ್ಕೆರಡು ಸಲ, ಫೆಬ್ರುವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ, ಎರಡು ದಿನದ ಮಟ್ಟಿಗೆ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಅರ್ಜಿ ತೆರೆದಿರುತ್ತದೆ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ ಮತ್ತು ಅದರ ಫೋಟೊ, ಫೋನ್ ನಂಬರು, ಇಮೇಲ್ ಕೊಟ್ಟರೆ ಮುಗಿಯಿತು. ಶುಲ್ಕವಿಲ್ಲ. ಎರಡು ವಾರದಲ್ಲಿ ಉತ್ತರ ಬರುತ್ತದೆ. ಆಯ್ಕೆಯಾದರೆ ವೀಸಾಕ್ಕೆ ಅರ್ಜಿ ಹಾಕುವ ಅರ್ಹತೆ ಬಂದಂತೆ, ಅಷ್ಟೇ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಕೇಳುವಂತಿಲ್ಲ, ಮೇಲ್ಮನವಿಯೂ ಇಲ್ಲ.

ದೊಡ್ಡ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಈ ಕಿಂಡಿಗೆ ಇಲ್ಲದ ಬೆಲೆ ಬಂದಿದೆ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್‌ ಹೊರೆ ಹೇರಿತು. ಅದಕ್ಕೆ ಎರಡು ತಿಂಗಳು ಮೊದಲು ಬ್ರಿಟನ್, ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿತ್ತು. ಅಲ್ಲಿ ಓದು ಮುಗಿಸಿದ ವಿದ್ಯಾರ್ಥಿಗಳು ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷದ ಅವಕಾಶ 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಯಲಿದೆ. ಹೀಗಿರುವಾಗ ಬೆಂಗಳೂರಿನ ಪಿ.ಜಿ.ಗಳಲ್ಲಿ, ಹುಬ್ಬಳ್ಳಿ, ಮೈಸೂರಿನ ಮಧ್ಯಮವರ್ಗದ ಮನೆಗಳಲ್ಲಿ ವೈಪಿಎಸ್ ಲಾಟರಿಯ ಮಾತು ನಡೆಯುವುದು ಸಹಜ. ಆದರೆ ನಡೆಯುವ ಮಾತೆಲ್ಲ ಅದೃಷ್ಟದ ಬಗ್ಗೆ. ಅದೃಷ್ಟ ಖುಲಾಯಿಸಿದ ಮೇಲೆ ಬರುವ ಎರಡು ವರ್ಷಗಳ ಬಗ್ಗೆ ಮಾತು ಕಡಿಮೆ. ಷರತ್ತುಗಳನ್ನು ಓದಿದರೆ ಈ ಪರವಾನಗಿ ಪ್ರತಿ ಸಾಲಿನಲ್ಲೂ ತಾನು ತಾತ್ಕಾಲಿಕ ಎಂದು ಹೇಳಿಕೊಳ್ಳುತ್ತದೆ. ಅವಧಿ ವಿಸ್ತರಣೆ ಇಲ್ಲ. ಒಮ್ಮೆ ಹೋದವರು ಇದೇ ಯೋಜನೆಯಲ್ಲಿ ಮತ್ತೆ ಹೋಗುವಂತಿಲ್ಲ. ಹೆಂಡತಿ, ಗಂಡ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ನಾವು ಮಾತ್ರ ಅದನ್ನು ಪಿ.ಆರ್., ಅಂದರೆ ಕಾಯಂ ವಾಸದ ಹಕ್ಕಿನ ಮೊದಲ ಮೆಟ್ಟಿಲು ಎಂದೇ ಓದಿಕೊಳ್ಳುತ್ತೇವೆ. ಸಾಲ, ನಿರಾಸೆ, ಏಜೆಂಟರ ವ್ಯಾಪಾರ ಎಲ್ಲ ಹುಟ್ಟುವುದು ಈ ತಪ್ಪು ಓದಿನಿಂದ ಎಂಬುದು ನನ್ನ ವಾದ.

ಮೊದಲು ಲಾಟರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ‘ಪ್ರತಿಭೆ ನೋಡದೆ ಚೀಟಿ ಎತ್ತುವುದೆಂದರೇನು’ ಎಂದು ಬೇಸರಪಡುವವರು ಬಹಳ. ಸಿಇಟಿ ರ‍್ಯಾಂಕಿನ ಮೇಲೆ ಸೀಟು ಹಂಚುವುದನ್ನು ನೋಡಿ ಬೆಳೆದ ನಮಗೆ ಇದು ಅನ್ಯಾಯ ಅನ್ನಿಸುವುದು ಸಹಜವೇ. ಆದರೆ ಪಕ್ಕದಲ್ಲೇ ಆಸ್ಟ್ರೇಲಿಯಾದ ಯೋಜನೆಯನ್ನು ಇಟ್ಟು ನೋಡಿ. 2023ರ ಮೇ ತಿಂಗಳಲ್ಲಿ ಆದ ಒಪ್ಪಂದದ ಫಲವಾಗಿ ಆಸ್ಟ್ರೇಲಿಯಾ ‘ಮೇಟ್ಸ್’ ಎಂಬ ಯೋಜನೆಯನ್ನು 2024ರ ಡಿಸೆಂಬರ್‌ನಲ್ಲಿ ಶುರುಮಾಡಿತು. ಅಲ್ಲೂ 3,000 ಮಂದಿ, ಅಲ್ಲೂ ಎರಡು ವರ್ಷ, ಅಲ್ಲೂ ಲಾಟರಿ. ಆದರೆ ಲಾಟರಿಗೆ ಹೆಸರು ಕೊಡಲು ಇಪ್ಪತ್ತೈದು ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕು. ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನ, ಗಣಿಗಾರಿಕೆ, ನವೀಕರಿಸಬಹುದಾದ ಇಂಧನದಂಥ ಕೆಲವೇ ವಿಷಯ ಓದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಓದಿದ ಸಂಸ್ಥೆ ನಮ್ಮ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯ ಮೊದಲ ನೂರರಲ್ಲಿ ಇರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ, ಸುರತ್ಕಲ್ ಎನ್‌ಐಟಿಯ ಹುಡುಗರು ಒಳಗೆ. ಚಾಮರಾಜನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು ಹೊರಗೆ. ಪ್ರತಿಭೆಯ ಹೆಸರಿನಲ್ಲಿ ಇಲ್ಲಿ ತೂಗುತ್ತಿರುವುದು ಹದಿನೆಂಟನೆಯ ವಯಸ್ಸಿನಲ್ಲಿ ಯಾವ ಸೀಟು ಸಿಕ್ಕಿತ್ತು ಎಂಬುದನ್ನು. ಆ ಸೀಟಿನ ಹಿಂದೆ ಯಾವ ಊರು, ಯಾವ ಕೋಚಿಂಗು, ಎಷ್ಟು ಫೀಸು ಇತ್ತು ಎಂಬುದು ಎಲ್ಲರಿಗೂ ಗೊತ್ತು. ಬ್ರಿಟನ್ನಿನ ಲಾಟರಿ ಕಾಲೇಜಿನ ಹೆಸರು ಕೇಳುವುದಿಲ್ಲ. ಆ ಬಿ.ಕಾಂ. ಹುಡುಗಿಗೂ ಐಐಟಿಯವನಿಗೂ ಒಂದೊಂದೇ ಚೀಟಿ. ನಮ್ಮ ದೇಶದ ಪದವೀಧರರು ಇಷ್ಟು ಸಮನಾಗಿ ನಿಲ್ಲುವ ಸಾಲು ಬೇರೆ ಎಲ್ಲಿದೆ ಎಂದು ನನಗೆ ತೋಚುತ್ತಿಲ್ಲ.

ಸಮಾನತೆ ಅಲ್ಲಿಗೇ ಮುಗಿಯುತ್ತದೆ, ಅದೂ ನಿಜ. ಇದೇ ಬಗೆಯ ವೀಸಾವನ್ನು ಬ್ರಿಟನ್ ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳ ಯುವಕರಿಗೂ ಕೊಡುತ್ತದೆ. ಅವರಿಗೆ ಲಾಟರಿ ಇಲ್ಲ. ವಯಸ್ಸಿನ ಮಿತಿ 35. ಎರಡು ವರ್ಷದ ಮೇಲೆ ಇನ್ನೊಂದು ವರ್ಷ ವಿಸ್ತರಿಸಿಕೊಳ್ಳಬಹುದು. ಅವರಿಗೆ ಪದವಿಯೇ ಬೇಕಿಲ್ಲ. ಒಂದೇ ಕಾಮನ್‌ವೆಲ್ತ್, ಒಂದೇ ರಾಜಮುಕುಟದ ನೆರಳಿನಲ್ಲಿದ್ದ ದೇಶಗಳು. ಆದರೆ ಪಾಸ್‌ಪೋರ್ಟ್‌ಗಳ ಪಂಕ್ತಿಭೇದ ಹೀಗೆ. ಇದನ್ನು ಹೇಳಿ ಸಿಟ್ಟಾಗುವುದರಿಂದ ಪ್ರಯೋಜನ ಇಲ್ಲ, ಆದರೆ ಮರೆಯುವುದೂ ಬೇಡ. ಮರೆಯಬಾರದ ಇನ್ನೊಂದು ಸಂಗತಿಯಿದೆ. ಈ 3,000 ವೀಸಾ ಬ್ರಿಟನ್ನಿನ ಔದಾರ್ಯದಿಂದ ಬಂದದ್ದಲ್ಲ. 2021ರ ಮೇ 4ರಂದು ಲಂಡನ್ನಿನಲ್ಲಿ ಎರಡೂ ಸರ್ಕಾರಗಳು ಸಹಿ ಹಾಕಿದ ವಲಸೆ ಮತ್ತು ಸಂಚಾರ ಒಪ್ಪಂದದ ಒಂದು ಭಾಗ ಇದು. ಅದೇ ಒಪ್ಪಂದದ ಇನ್ನೊಂದು ಭಾಗ, ಬ್ರಿಟನ್ನಿನಲ್ಲಿ ಕಾಗದಪತ್ರವಿಲ್ಲದೆ ಉಳಿದ ಭಾರತೀಯರನ್ನು ಗುರುತಿಸಿ ವಾಪಸ್ ಕರೆಸಿಕೊಳ್ಳಲು ಭಾರತ ಸಹಕರಿಸಬೇಕು ಎಂಬುದು. ಅಂದರೆ ಹೋಗುವವರ ಬಗ್ಗೆಯೂ ಬರಬೇಕಾದವರ ಬಗ್ಗೆಯೂ ಒಂದೇ ಮೇಜಿನ ಮೇಲೆ ಚೌಕಾಸಿ ನಡೆದಿದೆ. ಅವಧಿ ಮುಗಿದ ಮೇಲೆ ಹಿಂತಿರುಗಬೇಕು ಎಂಬುದು ಈ ವೀಸಾದ ಅಡಿಟಿಪ್ಪಣಿಯಲ್ಲ, ಅದು ಹುಟ್ಟಿದ್ದೇ ಆ ಷರತ್ತಿನ ಮೇಲೆ.

ಇನ್ನು ಹಣದ ವಿಷಯ. ಚೀಟಿ ಬಿದ್ದವರು ಮೊದಲು ಎದುರಿಸುವುದು 2,530 ಪೌಂಡ್‌ ಉಳಿತಾಯ ತೋರಿಸುವ ನಿಯಮವನ್ನು. ಇಂದಿನ ದರದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಆ ಮೊತ್ತ ಅರ್ಜಿದಾರರ ಖಾತೆಯಲ್ಲಿ ಸತತ 28 ದಿನ ಇರಬೇಕು, ಆ 28ನೆಯ ದಿನ ಅರ್ಜಿ ಹಾಕುವ ದಿನಕ್ಕೆ 31 ದಿನದ ಒಳಗೆ ಬರಬೇಕು. ಕೇಳಲು ಸರಳ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಮುಂದಿಟ್ಟುಕೊಂಡು ಕೂತಾಗ ತೊಡಕು ತಿಳಿಯುತ್ತದೆ. ಸಂಬಳದ ಖಾತೆಯಲ್ಲೇ ದುಡ್ಡು ಇಟ್ಟವನಿಗೆ ತಿಂಗಳ ಐದನೇ ತಾರೀಖು ಬೈಕಿನ ಇಎಂಐ ತಾನಾಗಿ ಕಟ್ ಆಗುತ್ತದೆ, ಹತ್ತಕ್ಕೆ ಕ್ರೆಡಿಟ್ ಕಾರ್ಡ್ ಬಿಲ್ಲು. ಒಂದೇ ಒಂದು ಸಂಜೆ ಬಾಕಿ ಮಿತಿಗಿಂತ ಸಾವಿರ ರೂಪಾಯಿ ಕೆಳಗಿಳಿದರೂ 28 ದಿನದ ಎಣಿಕೆ ಮತ್ತೆ ಒಂದರಿಂದ ಶುರು. ಇದಲ್ಲದೆ ರೂಪಾಯಿಯನ್ನು ಪೌಂಡಿಗೆ ಬದಲಿಸಿ ನೋಡುವುದು ಅರ್ಜಿ ಹಾಕಿದ ದಿನದ ವಿನಿಮಯ ದರದಲ್ಲಿ. ಲೆಕ್ಕ ಹಾಕಿ ಸರಿಯಾಗಿ ಅಷ್ಟೇ ಇಟ್ಟವನಿಗೆ, ಆ ವಾರ ರೂಪಾಯಿ ಕುಸಿದರೆ ಅದೇ ದುಡ್ಡು ಸಾಲದೇ ಹೋಗಬಹುದು. ಬಲ್ಲವರು ಬೇರೆ ಉಳಿತಾಯ ಖಾತೆಯಲ್ಲಿ ಇಪ್ಪತ್ತು ಮೂವತ್ತು ಸಾವಿರ ಹೆಚ್ಚಿಗೆ ಇಟ್ಟು, ಅದನ್ನು ಮುಟ್ಟದೆ ಬಿಡುತ್ತಾರೆ.

ತಿಳಿಯದವರಿಗೆ ‘ಬ್ಯಾಲೆನ್ಸ್ ತೋರಿಸಿಕೊಡುವ’ ಜನ ಸಿಗುತ್ತಾರೆ. ತಿಂಗಳ ಮಟ್ಟಿಗೆ ದುಡ್ಡು ಹಾಕಿ, ಬಡ್ಡಿ ಹಿಡಿದು ವಾಪಸ್ ತೆಗೆದುಕೊಳ್ಳುವುದು ನಮ್ಮಲ್ಲಿ ಒಂದು ಕಸುಬೇ ಆಗಿದೆ. ಮಾವನೋ ಚಿಕ್ಕಪ್ಪನೋ ಖಾತೆಗೆ ಹಾಕಿದರೆ ಬಡ್ಡಿಯಾದರೂ ಉಳಿಯುತ್ತದೆ. ಆದರೆ ಎರಡೂ ಕಡೆ ಫಲ ಒಂದೇ. ವೀಸಾ ಬಂದ ಮರುವಾರ ಆ ದುಡ್ಡು ಹೊರಟುಹೋಗುತ್ತದೆ, ಹುಡುಗ ಕೈ ಖಾಲಿ ಮಾಡಿಕೊಂಡು ಹೀಥ್ರೂನಲ್ಲಿ ಇಳಿಯುತ್ತಾನೆ. ಬ್ರಿಟನ್ ಈ ಮೊತ್ತ ಕೇಳುವುದು ಕೆಲಸ ಸಿಗುವವರೆಗೆ ಊಟ, ಬಾಡಿಗೆಗೆ ಇರಲಿ ಎಂದು. ಅಲ್ಲಿ ಕೋಣೆ ಹಿಡಿಯಲು ಮುಂಗಡವಾಗಿ ಒಂದು ತಿಂಗಳ ಬಾಡಿಗೆಯ ಜೊತೆಗೆ ಡೆಪಾಸಿಟ್ಟು ಕೊಡಬೇಕು. ಕಾಗದದ ಮೇಲೆ ಮಾತ್ರ ಇದ್ದ ಮೂರು ಲಕ್ಷ ಅಲ್ಲಿ ಯಾವ ಮಾಲೀಕನಿಗೂ ಆಗಿಬರುವುದಿಲ್ಲ.

ತೋರಿಸುವ ಹಣ ಒಂದು, ಕಟ್ಟುವ ಹಣ ಇನ್ನೊಂದು. 2025ರ ಏಪ್ರಿಲ್‌ನಲ್ಲಿ ವೀಸಾ ಶುಲ್ಕ 319 ಪೌಂಡ್ ಆಯಿತು. ಅದಕ್ಕಿಂತ ದೊಡ್ಡದು ಆರೋಗ್ಯ ಸರ್‌ಚಾರ್ಜು. ವರ್ಷಕ್ಕೆ 776ರಂತೆ ಎರಡು ವರ್ಷದ್ದು 1,552 ಪೌಂಡನ್ನು ಅರ್ಜಿಯ ಜೊತೆಗೇ ಒಟ್ಟಿಗೆ ಕಟ್ಟಬೇಕು. ಯೋಜನೆ ಶುರುವಾದಾಗ ಇದು ವರ್ಷಕ್ಕೆ 470 ಪೌಂಡ್ ಇತ್ತು. ಒಂದೇ ವರ್ಷದಲ್ಲಿ ಇಷ್ಟಾಯಿತು. ಶುಲ್ಕ, ಸರ್‌ಚಾರ್ಜು ಸೇರಿದರೆ ಎರಡು ಲಕ್ಷ ರೂಪಾಯಿ ಮೀರುತ್ತದೆ. ಎದೆಯ ಎಕ್ಸ್‌ರೇ ತೆಗೆಸಿ ಕ್ಷಯ ಇಲ್ಲ ಎಂಬ ಪ್ರಮಾಣಪತ್ರ ಪಡೆಯುವುದು, ವಿಮಾನದ ಟಿಕೆಟು, ಚಳಿಗೆ ಬಟ್ಟೆಬರೆ ಎಲ್ಲ ಸೇರಿಸಿದರೆ, ಮೊದಲ ಸಂಬಳ ಕಾಣುವ ಮುನ್ನ ಐದು ಲಕ್ಷಕ್ಕೂ ಹೆಚ್ಚು ಹಣ ಕೈಯಲ್ಲಿರಬೇಕು. ಲಾಟರಿ ಎಲ್ಲರಿಗೂ ಒಂದೇ ಎಂದೆನಲ್ಲ, ಚಾಮರಾಜನಗರದ ಆ ಹುಡುಗಿಗೆ ಚೀಟಿ ಬಿದ್ದರೂ ಅವಳು ನಿಲ್ಲುವುದು ಇಲ್ಲಿ.

ಹೋದ ಮೇಲೆ ಎಷ್ಟು ಬರುತ್ತದೆ? ಹೆಸರು ‘ಯಂಗ್ ಪ್ರೊಫೆಷನಲ್’ ಆದರೂ, ಊರು ಗೊತ್ತಿಲ್ಲದ, ಅಲ್ಲಿನ ಅನುಭವವಿಲ್ಲದವರಿಗೆ ಮೊದಲು ಸಿಗುವುದು ಅಂಗಡಿ, ಹೋಟೆಲು, ಗೋದಾಮು, ಕಾಲ್ ಸೆಂಟರಿನ ಕೆಲಸ ಇದ್ದೀತು. ಕಾನೂನು ಹೇಳುವ ಕನಿಷ್ಠ ಕೂಲಿ 2025-26ರಲ್ಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ವಾರಕ್ಕೆ ಮೂವತ್ತೇಳೂವರೆ ಗಂಟೆ, ವರ್ಷಪೂರ್ತಿ ದುಡಿದರೆ ಸುಮಾರು 23,800 ಪೌಂಡ್. ರೂಪಾಯಿಗೆ ಬದಲಿಸಿ ನೋಡಿದರೆ ಇಪ್ಪತ್ತೈದು ಲಕ್ಷ ದಾಟುತ್ತದೆ, ಊರಿನಲ್ಲಿ ಕೇಳಿದವರು ಹುಬ್ಬೇರಿಸುತ್ತಾರೆ. ಆದರೆ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 1,700 ಪೌಂಡ್. ಲಂಡನ್ನಿನಲ್ಲಾದರೆ ಒಂದು ಕೋಣೆಯ ಬಾಡಿಗೆಗೇ ಅದರ ಅರ್ಧದ ಆಸುಪಾಸು ಹೋಗುತ್ತದೆ. ಉಳಿದದ್ದರಲ್ಲಿ ಬಸ್ಸು, ರೈಲು, ಊಟ, ಫೋನು. ಇಲ್ಲಿ ಒಂದು ವಿಚಿತ್ರವಿದೆ. ಆರೋಗ್ಯ ಸೇವೆಗೆಂದು ಮುಂಗಡ ಸರ್‌ಚಾರ್ಜು ಕಟ್ಟಿದವನು, ಅದೇ ಆರೋಗ್ಯ ಸೇವೆಯನ್ನು ನಡೆಸುವ ತೆರಿಗೆಯನ್ನೂ ಪ್ರತಿ ತಿಂಗಳು ಕಟ್ಟುತ್ತಾನೆ. ನ್ಯಾಷನಲ್ ಇನ್ಶೂರೆನ್ಸ್‌ಗೆ ಹಾಕಿದ ಹಣದಿಂದ ಅಲ್ಲಿನ ಸರ್ಕಾರಿ ಪಿಂಚಣಿ ಬರಬೇಕಾದರೆ ಕನಿಷ್ಠ ಹತ್ತು ವರ್ಷ ಕಟ್ಟಿರಬೇಕು. ಎರಡೇ ವರ್ಷಕ್ಕೆ ಹೋದವನದು ಅಲ್ಲಿಗೇ ಜಮಾ. 2025ರ ಜುಲೈಯಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ, ಜೊತೆಗೇ ಮಾತಾದ ಇನ್ನೊಂದು ಒಪ್ಪಂದದಂತೆ ಮೂರು ವರ್ಷದವರೆಗೆ ಈ ಕಂತಿನಿಂದ ವಿನಾಯಿತಿ ಸಿಗುತ್ತದೆ ಎಂದು ನಮ್ಮಲ್ಲಿ ಸಂಭ್ರಮಪಟ್ಟರು. ಅದು ಇಲ್ಲಿನ ಕಂಪನಿಗಳು ಅಲ್ಲಿಗೆ ಕಳಿಸುವ ನೌಕರರಿಗೆ. ತಾನೇ ಹೋಗಿ ಅಲ್ಲಿನ ಮಾಲೀಕನ ಬಳಿ ಕೆಲಸ ಹಿಡಿಯುವ ವೈಪಿಎಸ್ ಹುಡುಗನಿಗೆ ಅಲ್ಲ.

ಇಷ್ಟೆಲ್ಲ ಇದ್ದರೂ ಮನೆಯವರು ಒಪ್ಪುವುದು ಒಂದೇ ನಂಬಿಕೆಯ ಮೇಲೆ: ‘ಹೇಗೋ ಹೋಗಲಿ, ಅಲ್ಲಿ ಹೋದಮೇಲೆ ಏನಾದರೂ ದಾರಿ ಆಗುತ್ತೆ.’ ದಾರಿ ಇದೆ, ಸುಳ್ಳಲ್ಲ. ವೈಪಿಎಸ್‌ನಲ್ಲಿ ಹೋದವರು ಅಲ್ಲಿದ್ದುಕೊಂಡೇ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ಅದಕ್ಕೆ ಬೇಕಾದ ಸಂಬಳದ ಮಟ್ಟ 2024ರ ಏಪ್ರಿಲ್‌ವರೆಗೆ 26,200 ಪೌಂಡ್ ಇದ್ದದ್ದು 38,700 ಆಯಿತು, 2025ರ ಜುಲೈಯಲ್ಲಿ 41,700ಕ್ಕೆ ಏರಿತು. 26 ತುಂಬದವರಿಗೆ ಒಂದಿಷ್ಟು ರಿಯಾಯಿತಿ ಇದೆ, 33,400. ಈ ಅಂಕಿಗಳನ್ನು ಮೇಲಿನ 23,800ರ ಪಕ್ಕದಲ್ಲಿ ಇಟ್ಟು ನೋಡಿ. ಎರಡು ವರ್ಷದಲ್ಲಿ ಸಂಬಳ ಹತ್ತಿರ ಹತ್ತಿರ ಇಮ್ಮಡಿಯಾಗಬೇಕು, ಜೊತೆಗೆ ಸ್ಪಾನ್ಸರ್ ಮಾಡುವ ಲೈಸೆನ್ಸ್ ಇರುವ ಕಂಪನಿ ಅದಕ್ಕೆ ಒಪ್ಪಬೇಕು. ಅಲ್ಲಿನ ಉದ್ಯೋಗದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ: ನಿಮಗೆ ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ? ವೈಪಿಎಸ್ ಹುಡುಗನಿಗೆ ಈಗ ಬೇಕಿಲ್ಲ. ಮುಂದೆ ಬೇಕು ಎಂದು ಬರೆದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು, ಬೇಡ ಎಂದು ಬರೆದರೆ ಎರಡನೆಯ ವರ್ಷದಲ್ಲಿ ಬಾಯಿ ತೆರೆಯುವುದು ಕಷ್ಟ. ಆ ಎರಡನೆಯ ವರ್ಷದ ಕೊನೆಯ ತಿಂಗಳುಗಳಲ್ಲೇ ದಲ್ಲಾಳಿಗಳು ಹತ್ತಿರ ಬರುವುದು. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟು ಕೊಡಿಸುತ್ತೇವೆ, ಇಷ್ಟು ಸಾವಿರ ಪೌಂಡ್ ಆಗುತ್ತೆ ಎನ್ನುತ್ತಾರೆ. ಈ ಸರ್ಟಿಫಿಕೇಟನ್ನು ಮಾರುವುದು ಅಲ್ಲಿ ಕಾನೂನುಬಾಹಿರ. ಕೇರ್ ವರ್ಕರ್ ವೀಸಾದ ಕಾಲದಲ್ಲಿ ಹೀಗೆ ದುಡ್ಡು ಕೊಟ್ಟು ಹೋದ ಎಷ್ಟೋ ಭಾರತೀಯರು, ಕಂಪನಿಯ ಲೈಸೆನ್ಸ್ ರದ್ದಾದಾಗ ಕೆಲಸವನ್ನೂ ವೀಸಾವನ್ನೂ ಕಳೆದುಕೊಂಡು ಬೀದಿಗೆ ಬಿದ್ದರು.

ತಾತ್ಕಾಲಿಕ ವಲಸೆ ಕನ್ನಡಿಗರಿಗೆ ಹೊಸದೇನಲ್ಲ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಮನೆಗಳಲ್ಲಿ ಅರ್ಧ ಶತಮಾನದಿಂದ ಅದೇ ಬದುಕು. ಎಪ್ಪತ್ತರ ದಶಕದ ತೈಲದ ಏರುಗಾಲದಿಂದ ಗಲ್ಫ್‌ಗೆ ಹೋದವರು ಯಾರೂ ಅಲ್ಲಿನ ಪೌರತ್ವದ ಕನಸು ಕಂಡವರಲ್ಲ. ಕಂಡರೂ ಸಿಗುತ್ತಿರಲಿಲ್ಲ. ಹಾಗಾಗಿ ವಿಮಾನ ಹತ್ತುವ ಮೊದಲೇ ಅವರ ಲೆಕ್ಕ ಖಚಿತ ಇರುತ್ತಿತ್ತು: ತಂಗಿಯ ಮದುವೆ, ಅಪ್ಪನ ಸಾಲ, ಊರಿನಲ್ಲಿ ಒಂದು ತಾರಸಿ ಮನೆ, ಆಮೇಲೆ ಪೇಟೆಯಲ್ಲಿ ಒಂದು ಅಂಗಡಿ. ‘ವೀಸಾ ಕ್ಯಾನ್ಸಲ್ ಮಾಡಿ ಬಂದಿದ್ದಾನೆ’ ಎಂಬ ಮಾತು ಕರಾವಳಿಯಲ್ಲಿ ಸೋಲಿನ ಸುದ್ದಿಯಲ್ಲ. ಕೆಲಸ ಮುಗಿಸಿ ಬಂದ ಎಂದಷ್ಟೇ ಅರ್ಥ. ಗಲ್ಫಿನ ವಲಸೆಯನ್ನು ನಾನು ವೈಭವೀಕರಿಸುತ್ತಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮಾಲೀಕರು, ತಿಂಗಳುಗಟ್ಟಲೆ ಬಾರದ ಸಂಬಳ, ತಂದೆಯನ್ನು ಎರಡು ವರ್ಷಕ್ಕೊಮ್ಮೆ ನೋಡಿ ಬೆಳೆದ ಮಕ್ಕಳು, ಎಲ್ಲವೂ ಆ ಲೆಕ್ಕದಲ್ಲೇ ಇವೆ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಬೇಕಾಯಿತು; ಕರಾವಳಿಯವರೂ ಅವರಲ್ಲಿದ್ದರು, ಉಟ್ಟ ಬಟ್ಟೆಯಲ್ಲಿ ಬಂದವರೂ ಇದ್ದರು. ಆದರೂ ಒಂದು ವಿಷಯದಲ್ಲಿ ಆ ಹತ್ತನೇ ತರಗತಿ ಓದಿದ ಡ್ರೈವರುಗಳು, ವೆಲ್ಡರುಗಳು ನಮ್ಮ ಪದವೀಧರರಿಗಿಂತ ಚೆನ್ನಾಗಿ ಯೋಚಿಸಿದರು. ಪರವಾನಗಿ ಎಷ್ಟು ದಿನದ್ದೋ ಅಷ್ಟೇ ದಿನಕ್ಕೆ ಬದುಕನ್ನು ಅಳೆದರು.

ಬ್ರಿಟನ್ನಿನ ಎರಡು ವರ್ಷವನ್ನೂ ಹಾಗೆಯೇ ಅಳೆದರೆ ಅದರಲ್ಲಿ ಸಿಗುವುದು ಕಡಿಮೆಯೇನಲ್ಲ. ಮೊದಲ ಆರು ತಿಂಗಳು ಸಿಕ್ಕ ಕೆಲಸ ಮಾಡಿ, ಉಳಿದ ಹದಿನೆಂಟು ತಿಂಗಳಲ್ಲಿ ತನ್ನ ಓದಿಗೆ ಹತ್ತಿರದ ಕೆಲಸ ಹಿಡಿದರೂ ಸಾಕು. ಸ್ಪಾನ್ಸರ್ ಬೇಕಿಲ್ಲದ ಕಾರಣ ಸಣ್ಣ ಕಂಪನಿಗಳು, ಟ್ರಸ್ಟ್‌ಗಳು, ನಗರಸಭೆಗಳು ತಾತ್ಕಾಲಿಕ ಕೆಲಸಕ್ಕೆ ತೆಗೆದುಕೊಳ್ಳಬಹುದು. ಸ್ಕಿಲ್ಡ್ ವರ್ಕರ್ ವೀಸಾದವನು ಹೋಗಲಾಗದ ಕಡೆಗೆಲ್ಲ ಇವನು ಹೋಗಬಲ್ಲ, ಕೆಲಸ ಸರಿಬರದಿದ್ದರೆ ಬಿಟ್ಟು ಬೇರೆ ಹಿಡಿಯಬಲ್ಲ. ಕಫೀಲನ, ಅಂದರೆ ವೀಸಾ ಕೊಡಿಸಿದ ಮಾಲೀಕನ ಹಿಡಿತದಲ್ಲಿದ್ದ ಗಲ್ಫಿನವರಿಗೆ ಇಲ್ಲದ ಸ್ವಾತಂತ್ರ್ಯ ಇದು, ಬೆಲೆಬಾಳುವುದೂ ಇದೇ. ತಿರುಗಿ ಬಂದಾಗ ಆ ಅನುಭವಕ್ಕೆ ಇಲ್ಲಿ ಗಿರಾಕಿ ಇಲ್ಲವೆಂದೇನಲ್ಲ. ಬ್ರಿಟನ್ನಿನ ಟೆಸ್ಕೊ ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ, ರೋಲ್ಸ್-ರಾಯ್ಸ್‌ಗೂ ಇಲ್ಲಿ ಎಂಜಿನಿಯರಿಂಗ್ ಕೇಂದ್ರವಿದೆ. ಅಲ್ಲಿನ ಗ್ರಾಹಕನನ್ನು, ಅಲ್ಲಿನ ಕಚೇರಿಯ ರೀತಿಯನ್ನು ಕಣ್ಣಾರೆ ಕಂಡವರು ಇಂಥ ಕಡೆ ಬೇಕೇ ಬೇಕು.

ಕುಟುಂಬವನ್ನು ಕರೆದೊಯ್ಯುವಂತಿಲ್ಲ ಎಂಬ ಷರತ್ತಿಗೆ ಎರಡು ಮುಖವಿದೆ. ಅರ್ಜಿದಾರರ ಜೊತೆ ವಾಸಿಸುವ ಅಥವಾ ಅವರ ಖರ್ಚಿನಲ್ಲಿ ಬೆಳೆಯುವ ಹದಿನೆಂಟರೊಳಗಿನ ಮಗು ಇದ್ದರೆ ಈ ವೀಸಾ ಸಿಗುವುದೇ ಇಲ್ಲ. ಬೇಗ ಮದುವೆಯಾಗಿ ಇಪ್ಪತ್ತಾರಕ್ಕೆ ತಾಯಿಯಾದವಳು ಹೀಗೆ ಹೊರಗುಳಿಯುತ್ತಾಳೆ. ದುಡಿಯುವ ಕೈ ಬೇಕು, ಅದರ ಸಂಸಾರ ಬೇಡ ಎಂಬ ಧೋರಣೆ ಇದು. ಗಲ್ಫಿನ ಕಾರ್ಮಿಕರ ಕ್ಯಾಂಪುಗಳಲ್ಲಿ ಕಂಡದ್ದನ್ನೇ ಸಭ್ಯ ಭಾಷೆಯಲ್ಲಿ ಬರೆದಂತಿದೆ. ಆದರೆ ಮದುವೆಯಾಗದ ಹುಡುಗಿಯರಿಗೆ ಇದೇ ಷರತ್ತು ಒಂದು ಗುರಾಣಿಯೂ ಆಗಬಹುದು ಎಂದು ತಮಾಷೆಯಾಗಿ ಅನ್ನಿಸುತ್ತದೆ. ಇಪ್ಪತ್ತೈದು ದಾಟಿತಲ್ಲ ಎಂದು ಜಾತಕ ಹಿಡಿದು ಬರುವ ಸೋದರತ್ತೆಗೆ, ಗಂಡನನ್ನು ಕರೆದುಕೊಂಡು ಹೋಗಲು ಬ್ರಿಟನ್ ಸರ್ಕಾರವೇ ಬಿಡುವುದಿಲ್ಲ ಎಂದು ಕಾನೂನನ್ನು ಮುಂದೆ ಮಾಡಿ ಎರಡು ವರ್ಷ ಗಿಟ್ಟಿಸಬಹುದು.

ಸರ್ಕಾರಗಳ ಜವಾಬ್ದಾರಿಯ ಬಗ್ಗೆ ಹೇಳದಿದ್ದರೆ ಎಲ್ಲವನ್ನೂ ಹುಡುಗರ ತಲೆಗೆ ಕಟ್ಟಿದಂತಾಗುತ್ತದೆ. ವಲಸೆಗೆ ಸಂಬಂಧಿಸಿದ ನಮ್ಮ ಕಾನೂನು 1983ರದ್ದು. ಹತ್ತನೇ ತರಗತಿ ಪಾಸಾಗದವರು ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಬೇಕು. ಅವರ ಕರಾರುಪತ್ರವನ್ನು ಯಾರೋ ಒಬ್ಬರಾದರೂ ನೋಡುತ್ತಾರೆ. ಪದವೀಧರನಿಗೆ ಅಂಥ ಯಾವ ತಪಾಸಣೆಯೂ ಇಲ್ಲ, ಓದಿದವನು ಮೋಸ ಹೋಗುವುದಿಲ್ಲ ಎಂಬ ನಂಬಿಕೆ ಆ ಕಾನೂನಿಗೆ. ಬ್ರಿಟನ್ನಿನ ಕೇರ್ ವರ್ಕರ್ ಹಗರಣದಲ್ಲಿ ದುಡ್ಡು ಕಳೆದುಕೊಂಡವರಲ್ಲಿ ನರ್ಸಿಂಗ್ ಪದವೀಧರರೂ ಇದ್ದರು ಎಂಬುದು ಆ ನಂಬಿಕೆಗೆ ಸಾಕಷ್ಟು ಉತ್ತರ. 2025ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಈ ಹಳೆಯ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಆ ಚರ್ಚೆಯಲ್ಲಿ ಒಂದು ಬೇಡಿಕೆ ಸ್ಪಷ್ಟವಾಗಿ ಸೇರಬೇಕು. ಸಂಚಾರ ಒಪ್ಪಂದಕ್ಕೆ ಸಹಿ ಹಾಕುವ ಸರ್ಕಾರ, ಆ ಒಪ್ಪಂದದಲ್ಲಿ ಹೋದವರ ಗತಿ ಏನಾಯಿತು ಎಂದು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಇಡಬೇಕು. ಬ್ರಿಟನ್ ಎಷ್ಟು ವೀಸಾ ಕೊಟ್ಟೆ ಎಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಹೋದವರಿಗೆ ಯಾವ ಕೆಲಸ ಸಿಕ್ಕಿತು, ಎಷ್ಟು ಸಂಬಳ, ಎಷ್ಟು ಮಂದಿ ಹಿಂತಿರುಗಿದರು, ಹಿಂತಿರುಗಿದವರು ಈಗ ಏನು ಮಾಡುತ್ತಿದ್ದಾರೆ ಎಂಬುದು ಆ ಅಂಕಿಗಳಲ್ಲಿ ಇರುವುದಿಲ್ಲ, ಇರಬೇಕಾದ ಅಗತ್ಯವೂ ಬ್ರಿಟನ್ನಿಗೆ ಇಲ್ಲ. ಅಗತ್ಯ ಇರುವುದು ನಮಗೆ.

ರಾಜ್ಯ ಸರ್ಕಾರ ಇನ್ನೂ ಕಡಿಮೆ ಖರ್ಚಿನಲ್ಲಿ ಇನ್ನೂ ಹೆಚ್ಚು ಮಾಡಬಹುದು. ಕೇರಳ ತನ್ನ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ಹೊರಡುವವರಿಗೆ ತಿಳಿವಳಿಕೆ ಶಿಬಿರ ನಡೆಸುತ್ತದೆ, ಹಿಂತಿರುಗಿದವರಿಗೆ ಸಾಲ, ನೆರವು ಕೊಡುವ ಯೋಜನೆಗಳನ್ನು ಇಟ್ಟುಕೊಂಡಿದೆ. ನಮ್ಮ ವಿಶ್ವವಿದ್ಯಾಲಯಗಳು ಘಟಿಕೋತ್ಸವ ಪ್ರಮಾಣಪತ್ರವನ್ನು ತಡಮಾಡದೆ ಕೊಟ್ಟರೆ ಅದೇ ಮೊದಲ ಉಪಕಾರ. ಆಮೇಲೆ ಪ್ಲೇಸ್‌ಮೆಂಟ್ ಸೆಲ್‌ಗಳು ವರ್ಷಕ್ಕೆ ಒಂದು ಮಧ್ಯಾಹ್ನ, ಕನ್ನಡದಲ್ಲೇ, ಇಂಥ ವೀಸಾಗಳ ಷರತ್ತುಗಳನ್ನು ಓದಿ ಹೇಳಲಿ. ಲಾಟರಿ ಉಚಿತ, ಒಬ್ಬರಿಗೆ ಒಂದೇ ಅರ್ಜಿ, ಯಾವ ಕನ್ಸಲ್ಟೆನ್ಸಿಯೂ ಚೀಟಿ ಬೀಳುವಂತೆ ಮಾಡಲಾರದು ಎಂಬ ಮೂರು ಮಾತು ತಿಳಿದರೂ ಎಷ್ಟೋ ತಂದೆತಾಯಿಯರ ದುಡ್ಡು ಉಳಿಯುತ್ತದೆ.

ಆದ್ದರಿಂದ ಅರ್ಜಿ ಹಾಕಬೇಕೆಂದಿರುವವರಿಗೆ, ಅವರ ಮನೆಯವರಿಗೆ ನನ್ನ ಮಾತು ಇಷ್ಟು. ವಯಸ್ಸಿದೆ, ಪದವಿಯಿದೆ, ಐದಾರು ಲಕ್ಷ ಸ್ವಂತ ಉಳಿತಾಯವಿದೆ ಎಂದಾದರೆ ಮುಂದಿನ ಲಾಟರಿಗೆ ಹೆಸರು ಕೊಡಿ; ಕಳೆದುಕೊಳ್ಳುವುದೇನೂ ಇಲ್ಲ. ಬಂದರೆ ಹೋಗಿ, ದುಡಿಯಿರಿ, ಸ್ಕಾಟ್ಲೆಂಡಿನವರೆಗೂ ಸುತ್ತಿ, ಎರಡು ವರ್ಷ ಮುಗಿಸಿ ಬನ್ನಿ. ಸ್ಕಿಲ್ಡ್ ವರ್ಕರ್ ಕೆಲಸ ನ್ಯಾಯವಾಗಿ ಸಿಕ್ಕಿದರೆ ಅದನ್ನು ಹೆಚ್ಚುವರಿ ಎಂದು ತಿಳಿಯಿರಿ, ಯೋಜನೆಯ ಭಾಗ ಎಂದಲ್ಲ. ಸೈಟು ಅಡವಿಟ್ಟು, ಚಿನ್ನ ಗಿರವಿಯಿಟ್ಟು, ಬಡ್ಡಿಗೆ ತಂದು ಹೋಗಬೇಕೆಂದಾದರೆ ಈ ವೀಸಾ ನಿಮಗಲ್ಲ, ಅರ್ಜಿಯನ್ನೇ ಹಾಕಬೇಡಿ. ಗಂಟೆಗೆ ಹನ್ನೆರಡು ಪೌಂಡಿನ ದುಡಿಮೆಯಲ್ಲಿ ಲಂಡನ್ನಿನ ಬಾಡಿಗೆ ಕಟ್ಟಿ, ಊರಿನ ಬಡ್ಡಿಯನ್ನೂ ಅಸಲನ್ನೂ ಎರಡು ವರ್ಷದಲ್ಲಿ ತೀರಿಸಲು ಆಗುವುದಿಲ್ಲ.